ಜಾತ್ರೆಯಲ್ಲಿ ಮತದಾರರ ಮಾಹಿತಿ ಸ್ಟಾಲ್: ಮೇಜಿನ ಮೇಲೆ ಏನಿರಬೇಕು?

ಪ್ರಶ್ನೆ: ನಾವು ಬೇಲೂರು ತಾಲೂಕಿನ ಒಂದು ಸ್ತ್ರೀಶಕ್ತಿ ಸಂಘದವರು, ಹನ್ನೆರಡು ಜನ ಇದ್ದೇವೆ. ಯುಗಾದಿ ಕಳೆದ ಮೇಲೆ ಚೆನ್ನಕೇಶವನ ತೇರಿಗೆ ಜನ ಸೇರುವಾಗ ಮತದಾರರಿಗೆ ಮಾಹಿತಿ ಕೊಡುವ ಸ್ಟಾಲ್ ಹಾಕಬೇಕೆಂದಿದ್ದೇವೆ. ಆಮೇಲೆ ಅದನ್ನೇ ಸಂತೆಗೂ ಕಾಲೇಜಿಗೂ ಒಯ್ಯುವ ಆಸೆ. ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಇದೆ. ದೊಡ್ಡ ಫ್ಲೆಕ್ಸ್, ಬಾಡಿಗೆ ಟಿವಿ, ಮೂರು ಸಾವಿರ ಕರಪತ್ರ ಎಂದು ಲೆಕ್ಕ ಹಾಕಿದ್ದೇವೆ. ಮತಯಂತ್ರ ತರಿಸಿ ತೋರಿಸಬಹುದೇ? ಅರ್ಜಿಗಳನ್ನು ನಾವೇ ತುಂಬಿಸಿಕೊಂಡು ತಾಲೂಕು ಕಚೇರಿಗೆ ಒಟ್ಟಿಗೆ ಕೊಡಬಹುದೇ? ಏನು ಬೇಕು, ಏನು ಬೇಡ ಹೇಳಿ ಮೇಷ್ಟ್ರೇ.

ಉತ್ತರ: ತಾಯಿ, ನಿಮ್ಮ ಲೆಕ್ಕದಿಂದ ಮೊದಲು ಟಿವಿ ತೆಗೆದುಹಾಕಿ. ಫ್ಲೆಕ್ಸ್ ಕೂಡ ಬೇಡ, ಕಾರಣ ಮುಂದೆ ಹೇಳುತ್ತೇನೆ. ಮೂರು ಸಾವಿರ ಕರಪತ್ರದ ಬದಲು ಒಂದು ಸಾವಿರ ಚೀಟಿ ಮಾಡಿಸಿ. ಉಳಿದ ದುಡ್ಡಿನಲ್ಲಿ ಮತದಾರರ ಪಟ್ಟಿಯ ಪ್ರಿಂಟು ತೆಗೆಸಿ, ಒಳ್ಳೆ ನೆರಳು ಮಾಡಿ, ಕುರ್ಚಿ ಹಾಕಿ.

ನಾನು ಶಾಲೆಯಲ್ಲಿದ್ದಾಗ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸ ಮಾಡಿದವನು. ಆಮೇಲೆ ಬಿಎಲ್‌ಒಗಳಿಗೆ ತರಬೇತಿ ಕೊಟ್ಟೆ. ನಿವೃತ್ತಿಯಾದ ಮೇಲೂ ಹಾಸನ, ಆಲೂರು, ಅರಸೀಕೆರೆ ಕಡೆ ಇಂಥ ಸ್ಟಾಲುಗಳಲ್ಲಿ ಕೂತಿದ್ದೇನೆ. ಮೊದಲ ಸಲ ಒಂದು ಜಾತ್ರೆಯಲ್ಲಿ ಹಾಕಿದಾಗ ನಾವೂ ಕರಪತ್ರವನ್ನೇ ನಂಬಿದ್ದೆವು. ಬೆಳಿಗ್ಗೆಯಿಂದ ಕಟ್ಟುಗಟ್ಟಲೆ ಹಂಚಿದೆವು. ಸಂಜೆ ಪಕ್ಕದ ಚುರುಮುರಿ ಗಾಡಿಯಲ್ಲಿ ಅವೇ ಪೊಟ್ಟಣವಾಗಿದ್ದವು. ಗಾಡಿಯವನದು ತಪ್ಪಲ್ಲ, ಜನ ಬಿಸಾಕಿದ್ದನ್ನು ಅವನು ಆರಿಸಿಕೊಂಡಿದ್ದ.

ಅದೇ ಮಧ್ಯಾಹ್ನ ಒಬ್ಬರು ಅಜ್ಜಿ ಬಂದರು. ಎಲೆಯಡಿಕೆ ಚೀಲದಿಂದ ಓಟರ್ ಕಾರ್ಡ್ ತೆಗೆದು, "ನಂದು ಐತೆ ಕಣಪ್ಪ, ನೋಡು" ಅಂದರು. ನಮ್ಮಲ್ಲಿ ಒಬ್ಬರ ಹತ್ತಿರ ಆ ಊರಿನ ಪಟ್ಟಿ ಅಕಸ್ಮಾತ್ತಾಗಿ ಇತ್ತು. ತೆಗೆದು ನೋಡಿದರೆ ಅಜ್ಜಿಯ ಹೆಸರಿಲ್ಲ. ಮಗನ ಮನೆಯಲ್ಲಿ ಎರಡು ವರ್ಷ ಇದ್ದು ಬಂದಿದ್ದರಂತೆ, ಆ ನಡುವೆ ಹೆಸರು ಹೋಗಿತ್ತು. ಕಾರ್ಡ್ ಜೋಪಾನವಾಗಿತ್ತು, ಓಟು ಇರಲಿಲ್ಲ. ಆ ಅಜ್ಜಿಗೆ ನಮ್ಮ ಕರಪತ್ರದಲ್ಲಿದ್ದ "ಮತದಾನ ನಮ್ಮ ಹಕ್ಕು" ಎಂಬ ಸಾಲು ಯಾವ ಪ್ರಯೋಜನಕ್ಕೂ ಬರಲಿಲ್ಲ. ಬಂದದ್ದು ಆ ಹಳೆಯ ಪಟ್ಟಿ.

ಕಾರ್ಡ್ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಬೇರೆ ಗುರುತಿನ ದಾಖಲೆ ತೋರಿಸಿ ಹಾಕಬಹುದು. ನಮ್ಮ ಊರುಗಳಲ್ಲಿ ಜನ ಇದನ್ನು ತಿರುವುಮುರುವಾಗಿ ತಿಳಿದಿದ್ದಾರೆ. ಹಾಗಾಗಿ ಬಂದವರು ತಮ್ಮ ಹೆಸರನ್ನು ತಮ್ಮ ಕಣ್ಣಿನಿಂದಲೇ ಪಟ್ಟಿಯಲ್ಲಿ ನೋಡಬೇಕು. ಇಲ್ಲದಿದ್ದರೆ ಮುಂದೆ ಏನು ಮಾಡಬೇಕು, ಯಾರನ್ನು ಕಾಣಬೇಕು ಎಂದು ಬರೆದ ಚೀಟಿ ಹಿಡಿದು ಹೋಗಬೇಕು. ಸ್ಟಾಲಿಗೆ ಯಾವುದೇ ಸಾಮಾನು ತರುವ ಮುಂಚೆ ಅದು ಈ ಕೆಲಸಕ್ಕೆ ನೆರವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಟಿವಿ ಆಗುವುದಿಲ್ಲ. ಓದುವ ಕನ್ನಡಕ ಆಗುತ್ತದೆ.

ಪಟ್ಟಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಸ್ಟಾಲು ನಿಲ್ಲುವುದು ಅದರ ಮೇಲೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು ಪಟ್ಟಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ, ಫೋಟೊ ಇರುವುದಿಲ್ಲ. ಭಾಗ ಎಂದರೆ ಒಂದು ಮತಗಟ್ಟೆಗೆ ಸೇರಿದವರ ಪಟ್ಟಿ. ಒಂದು ಪುಟಕ್ಕೆ ಸಾಮಾನ್ಯವಾಗಿ 30 ಹೆಸರು. ಸಾವಿರ ಹೆಸರಿನ ಒಂದು ಭಾಗಕ್ಕೆ ಮುಖಪುಟ, ನಕ್ಷೆ, ಪೂರಕ ಪಟ್ಟಿ ಸೇರಿ ಸುಮಾರು 40 ಪುಟ ಎಂದಿಟ್ಟುಕೊಳ್ಳಿ. ಇಡೀ ಕ್ಷೇತ್ರದ್ದು ಪ್ರಿಂಟ್ ತೆಗೆಸಲು ಹೋಗಬೇಡಿ. ನಿಮ್ಮ ಸುತ್ತಮುತ್ತಲ ಹದಿನೈದು ಭಾಗ ತೆಗೆಸಿದರೆ 600 ಪುಟ. ಅದಕ್ಕೆ ತಗಲುವ ದುಡ್ಡೇ ನಿಮ್ಮ ಖರ್ಚಿನಲ್ಲೆಲ್ಲ ಸಾರ್ಥಕವಾದದ್ದು. ಉಳಿದ ಭಾಗಗಳ ಪಿಡಿಎಫ್‌ಗಳನ್ನು ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಳ್ಳಿ. ಜಾತ್ರೆಯ ದಿನ ಸಾವಿರಾರು ಜನ ಒಂದೇ ಟವರಿಗೆ ಬಿದ್ದಾಗ ನೆಟ್‌ವರ್ಕ್ ಕೈಕೊಡುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳು, ದೊಡ್ಡ ಪವರ್‌ಬ್ಯಾಂಕ್ ಇರಲಿ. ಆದರೂ ಕಾಗದವೇ ಮೊದಲು.

ಹೆಸರು ಹುಡುಕುವುದನ್ನು ಹನ್ನೆರಡು ಜನರೂ ಮೊದಲೇ ಅಭ್ಯಾಸ ಮಾಡಿ. ಪಟ್ಟಿ ಅಕಾರಾದಿಯಲ್ಲಿ ಇರುವುದಿಲ್ಲ, ಬೀದಿ ಮತ್ತು ಮನೆ ಸಂಖ್ಯೆಯ ಕ್ರಮದಲ್ಲಿ ಇರುತ್ತದೆ. ಪಿಡಿಎಫ್ ಚಿತ್ರದ ರೂಪದಲ್ಲಿದ್ದರೆ ಹೆಸರು ಟೈಪ್ ಮಾಡಿ ಹುಡುಕಲೂ ಆಗದು. "ನಿಮ್ಮ ಹೆಸರೇನಮ್ಮ" ಎಂದು ಕೇಳಿ ಪುಟ ತಿರುವುತ್ತಾ ಕೂತರೆ ಹಿಂದೆ ಸಾಲು ಬೆಳೆಯುತ್ತದೆ. "ಯಾವ ಬೀದಿ, ಪಕ್ಕದ ಮನೆಯವರು ಯಾರು" ಎಂದು ಕೇಳಿ. ಪಕ್ಕದ ಮನೆಯ ಯಜಮಾನರ ಹೆಸರು ಸಿಕ್ಕಿತೆಂದರೆ ಇವರದು ಅಲ್ಲೇ ಮೇಲೋ ಕೆಳಗೋ ಇರುತ್ತದೆ. ಕೊನೆಯ ಪೂರಕ ಪಟ್ಟಿಯನ್ನು ಮರೆಯಬೇಡಿ. ಹೊಸದಾಗಿ ಸೇರಿದವರು, ಅಳಿಸಿದವರು ಅಲ್ಲಿರುತ್ತಾರೆ. ಅಳಿಸಿದ್ದಕ್ಕೆ ಕಾರಣ ಒಂದೇ ಅಕ್ಷರದಲ್ಲಿ ಇರುತ್ತದೆ: ಇಂಗ್ಲಿಷಿನ 'ಇ' ಎಂದರೆ ತೀರಿಕೊಂಡವರು, 'ಎಸ್' ಎಂದರೆ ಬೇರೆ ಕಡೆ ಹೋದವರು, 'ಆರ್' ಎಂದರೆ ಎರಡು ಸಲ ಬಂದಿದ್ದ ಹೆಸರು. ಆ ಅಕ್ಷರ ನೋಡಿದರೆ ಮುಂದಿನ ದಾರಿ ಅರ್ಧ ತಿಳಿದ ಹಾಗೆ.

ಇನ್ನು ಕ್ಷೇತ್ರದ ಗೊಂದಲ. ತಾಲೂಕಿನ ಹೆಸರೇ ಕ್ಷೇತ್ರದ ಹೆಸರು ಎಂದು ತಿಳಿದು ಹುಡುಕಿ, ಸಿಗದೆ, "ನನ್ನ ಹೆಸರೇ ಇಲ್ಲ" ಎಂದು ಗಾಬರಿಯಾಗುವವರನ್ನು ತುಂಬಾ ನೋಡಿದ್ದೇನೆ. ಆಲೂರಿನವರು ಸಕಲೇಶಪುರ ಕ್ಷೇತ್ರದಲ್ಲಿ ಹುಡುಕಬೇಕು. ಚನ್ನರಾಯಪಟ್ಟಣದವರು ಶ್ರವಣಬೆಳಗೊಳದಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದವರು ಶೃಂಗೇರಿಯಲ್ಲಿ, ಕಳಸದವರು ಮೂಡಿಗೆರೆಯಲ್ಲಿ, ಅಜ್ಜಂಪುರದವರು ತರೀಕೆರೆಯಲ್ಲಿ. ಲೋಕಸಭೆಗೆ ಬಂದರೆ ಇನ್ನೊಂದು ತಿರುವು. ಕಡೂರು ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮತ ಹಾಕುವುದು ಹಾಸನ ಲೋಕಸಭಾ ಕ್ಷೇತ್ರಕ್ಕೆ. ಚಿಕ್ಕಮಗಳೂರು, ಮೂಡಿಗೆರೆ, ತರೀಕೆರೆ, ಶೃಂಗೇರಿಯವರು ಉಡುಪಿ-ಚಿಕ್ಕಮಗಳೂರಿಗೆ. ಬೇಲೂರಿನ ತೇರಿಗೆ ಈ ಎಲ್ಲ ಕಡೆಯಿಂದ ಜನ ಬರುತ್ತಾರೆ. ಆದ್ದರಿಂದ ಒಂದು ರಟ್ಟಿನ ಮೇಲೆ ಎರಡೂ ಜಿಲ್ಲೆಯ ಕ್ಷೇತ್ರಗಳನ್ನು ಸಂಖ್ಯೆ ಸಮೇತ ದೊಡ್ಡದಾಗಿ ಬರೆದು ತೂಗುಹಾಕಿ. ಚಿಕ್ಕಮಗಳೂರು ಜಿಲ್ಲೆಯದು ಶೃಂಗೇರಿ 123ರಿಂದ ಕಡೂರು 127ರವರೆಗೆ, ಹಾಸನದ್ದು ಶ್ರವಣಬೆಳಗೊಳ 193ರಿಂದ ಸಕಲೇಶಪುರ 199ರವರೆಗೆ. ನಿಮ್ಮ ಬೇಲೂರು 195. ಲ್ಯಾಪ್‌ಟಾಪಿನಲ್ಲಿ ಕಡತಗಳಿಗೂ ಇದೇ ಸಂಖ್ಯೆ ಕೊಟ್ಟಿಟ್ಟರೆ ಕೈಗೆ ಬೇಗ ಸಿಗುತ್ತವೆ.

ಚೀಟಿ ಹೇಗಿರಬೇಕೆಂದರೆ, ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದ. ಮೇಲೆ ನಾಲ್ಕು ಖಾಲಿ ಜಾಗ: ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ. ಕೆಳಗೆ "ಮುಂದೆ ಮಾಡಬೇಕಾದದ್ದು" ಎಂದು ಎರಡು ಗೆರೆ, ಬಿಎಲ್‌ಒ ಹೆಸರು ಮತ್ತು ಫೋನ್ ಬರೆಯಲು ಒಂದು ಗೆರೆ, ಸಹಾಯವಾಣಿ 1950. ಹಿಂಬದಿಯಲ್ಲಿ ಕಾರ್ಡ್ ಇಲ್ಲದಿದ್ದರೆ ಮತಗಟ್ಟೆಯಲ್ಲಿ ಏನು ತೋರಿಸಬಹುದು ಎಂಬುದು ಅಚ್ಚಾಗಿರಲಿ: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ಹೀಗೆ. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ. ಚುನಾವಣೆಗೆ ಮುಂಚೆ ಮನೆಗೆ ಬರುವ ಮತದಾರರ ಚೀಟಿಯೂ 2019ರಿಂದ ಗುರುತಿನ ದಾಖಲೆಯಾಗಿ ನಡೆಯುವುದಿಲ್ಲ. ಇವೆರಡನ್ನೂ ಬೇರೆ ಸಾಲಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ, ಏಕೆಂದರೆ ಜನ ಹಿಡಿದು ಬರುವುದು ಇವನ್ನೇ. ತಮ್ಮ ಹೆಸರಿನ ಸಂಖ್ಯೆ ಕೈಬರಹದಲ್ಲಿ ಇರುವ ಚೀಟಿಯನ್ನು ಯಾರೂ ಬಿಸಾಕುವುದಿಲ್ಲ. ಕಾರ್ಡಿನ ಜೊತೆಗೇ ಪರ್ಸಿನಲ್ಲಿ ಸೇರುತ್ತದೆ.

ಅರ್ಜಿ ನಮೂನೆಗಳಲ್ಲಿ ಮೂರನ್ನು ತಿಳಿದುಕೊಂಡರೆ ಮುಕ್ಕಾಲು ಕೆಲಸ ಆಯಿತು. ಮೊದಲ ಬಾರಿ ಸೇರುವವರಿಗೆ ನಮೂನೆ 6. ಮನೆ ಬದಲಾವಣೆ, ಹೆಸರು ಅಥವಾ ವಯಸ್ಸಿನ ತಿದ್ದುಪಡಿ, ಕಳೆದ ಕಾರ್ಡಿಗೆ ಬದಲಿ, ಅಂಗವೈಕಲ್ಯ ನಮೂದಿಸುವುದು, ಈ ನಾಲ್ಕಕ್ಕೂ ನಮೂನೆ 8. ಹೆಸರು ತೆಗೆಸಲು ನಮೂನೆ 7. 2022ರ ಆಗಸ್ಟ್ 1ರಿಂದ ಹೀಗೆ ಬದಲಾಗಿದೆ. ಹಳೆಯ ನಮೂನೆಗಳ ಜೆರಾಕ್ಸ್ ಕಟ್ಟು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಹೊಸದನ್ನೇ ಇಳಿಸಿಕೊಳ್ಳಿ.

ಇಲ್ಲಿ ಹೆಚ್ಚು ಎಡವುವುದು ಮದುವೆಯಾಗಿ ಬಂದ ಹೆಣ್ಣುಮಕ್ಕಳ ವಿಷಯದಲ್ಲಿ. ಅರಸೀಕೆರೆಯ ತವರಿನಲ್ಲಿ ಹೆಸರಿದ್ದ ಹುಡುಗಿ ತರೀಕೆರೆಗೆ ಸೊಸೆಯಾಗಿ ಹೋದರೆ ಅವಳಿಗೆ ಬೇಕಾದದ್ದು ನಮೂನೆ 8, ಸ್ಥಳಾಂತರ. ಗೊತ್ತಿಲ್ಲದವರು ನಮೂನೆ 6 ತುಂಬಿಸಿಬಿಡುತ್ತಾರೆ. ಆಗ ಎರಡು ಕಡೆ ಹೆಸರಾಗುತ್ತದೆ, ಅದು ಕಾನೂನಿಗೆ ವಿರುದ್ಧ. ಆಮೇಲೆ ಪರಿಶೀಲನೆಯಲ್ಲಿ ಯಾವುದೋ ಒಂದು ಹೆಸರು ಹೋಗುತ್ತದೆ, ಕೆಲವು ಸಲ ಬೇಕಾದದ್ದೇ ಹೋಗುತ್ತದೆ. "ಹಿಂದೆ ಎಲ್ಲಾದರೂ ಓಟು ಹಾಕಿದ್ದೀಯಾ ಮಗಳೇ?" ಎಂಬ ಪ್ರಶ್ನೆ ಕೇಳದೆ ಯಾರ ಕೈಗೂ ನಮೂನೆ 6 ಕೊಡಬೇಡಿ. ನಿಮ್ಮದು ಹೆಂಗಸರ ಸಂಘ, ಈ ಪ್ರಶ್ನೆಯನ್ನು ನಿಮ್ಮಷ್ಟು ಸಲೀಸಾಗಿ ಬೇರೆಯವರು ಕೇಳಲಾರರು.

ನಮೂನೆ 7ನ್ನು ಮೇಜಿನ ಮೇಲೆ ಇಡಲೇಬೇಡಿ, ಪೆಟ್ಟಿಗೆಯಲ್ಲಿರಲಿ. ಮನೆಯ ಹಿರಿಯರು ತೀರಿಕೊಂಡಿದ್ದಾರೆ, ಹೆಸರು ತೆಗೆಸಬೇಕು ಎಂದು ಮನೆಯವರೇ ಬಂದು ಕೇಳಿದಾಗ ಕೊಡಿ. ಪಕ್ಕದ ಬೀದಿಯವರ, ಆಗದವರ ಹೆಸರು ತೆಗೆಸಲು ಅದನ್ನು ಬಳಸುವವರಿದ್ದಾರೆ, ಆ ಕೆಲಸಕ್ಕೆ ನಿಮ್ಮ ಸ್ಟಾಲು ಮೆಟ್ಟಿಲಾಗಬಾರದು. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇದೆ. ಅದನ್ನು ಕೇಳಿದವರಿಗೆ ಶಾಂತವಾಗಿ ತಿಳಿಸಿ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ತುಂಬಿದ ಅರ್ಜಿಗಳನ್ನು ಕಟ್ಟು ಕಟ್ಟಿ ತಾಲೂಕು ಕಚೇರಿಗೆ ಕೊಡಬಹುದೇ? ಆಗುವುದಿಲ್ಲ. ಒಬ್ಬರೇ ಅಥವಾ ಒಂದು ಸಂಸ್ಥೆ ಹಲವರ ಅರ್ಜಿ ಒಟ್ಟಿಗೆ ತಂದರೆ ಅದನ್ನು ಸ್ವೀಕರಿಸಬಾರದು ಎಂಬುದು ಚುನಾವಣಾ ಆಯೋಗದ ಸೂಚನೆ. ಒಂದೇ ಮನೆಯವರದನ್ನು ಮನೆಯವರೊಬ್ಬರು ತರಬಹುದು. ಈ ನಿಯಮ ಕಿರಿಕಿರಿ ಅನ್ನಿಸಬಹುದು, ಆದರೆ ಸರಿಯಾದದ್ದೇ. ಯಾರದೋ ಹೆಸರಿನಲ್ಲಿ ಯಾರೋ ಸಾವಿರ ಅರ್ಜಿ ತಂದು ಸುರಿಯುವುದನ್ನು ತಡೆಯುವುದು ಅದೇ.

ಅದಕ್ಕೇ ಸ್ಟಾಲಿನಲ್ಲಿ ಬಿಎಲ್‌ಒಗೆ ಒಂದು ಕುರ್ಚಿ ಇಡಿ ಎಂದು ನಾನು ಹಟ ಹಿಡಿಯುವುದು. ನಮ್ಮ ಕಡೆ ಬಿಎಲ್‌ಒ ಎಂದರೆ ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು ಇಂಥವರೇ, ಮುಖಪರಿಚಯ ಇದ್ದೇ ಇರುತ್ತದೆ. ಒಂದು ತಿಂಗಳು ಮುಂಚೆ ತಹಶೀಲ್ದಾರರಿಗೆ ಪತ್ರ ಬರೆದು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಪ್ರತಿ ಕಳಿಸಿ. ಜಿಲ್ಲೆಯ ಸ್ವೀಪ್ ಸಮಿತಿಯ ಹೊಣೆ ಅವರದು, ಮತದಾರರ ಜಾಗೃತಿಗಾಗಿಯೇ ಇರುವ ಸಮಿತಿ ಅದು. ಸುತ್ತಲಿನ ನಾಲ್ಕೈದು ಭಾಗಗಳ ಬಿಎಲ್‌ಒಗಳು ಎರಡೆರಡು ಗಂಟೆಯಂತೆ ಸರದಿಯಲ್ಲಿ ಕೂರಲಿ ಎಂದು ಕೇಳಿ. ಅವರು ಬಂದರೆ ಅರ್ಜಿ ಅಲ್ಲೇ ನೇರವಾಗಿ ಅವರ ಕೈಗೆ ಹೋಗುತ್ತದೆ, ಸ್ವೀಕೃತಿ ಅಲ್ಲೇ ಸಿಗುತ್ತದೆ. ಬರಲು ಆಗದಿದ್ದರೆ ಹದಿನೈದೂ ಭಾಗಗಳ ಬಿಎಲ್‌ಒಗಳ ಹೆಸರು, ಫೋನು ತಾಲೂಕು ಕಚೇರಿಯ ಚುನಾವಣಾ ಶಾಖೆಯಿಂದ ಬರೆದುಕೊಂಡು ಬಂದು ಗೋಡೆಪಟ್ಟಿ ಮಾಡಿ. ಆನ್‌ಲೈನಿನಲ್ಲಿ ಹಾಕುವುದಾದರೆ ಅವರವರ ಫೋನಿನಲ್ಲಿ, ಅವರವರ ಓಟಿಪಿಯಿಂದ, ಅವರ ಎದುರಿಗೇ ಹಾಕಿಸಿ, ಬಂದ ಉಲ್ಲೇಖ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡಿ. ನಿಮ್ಮ ಫೋನ್ ನಂಬರ್ ಹಾಕಿ ಇಪ್ಪತ್ತು ಜನರ ಅರ್ಜಿ ಕಳಿಸುವ ಉಪಕಾರ ಮಾಡಬೇಡಿ. ಆಮೇಲೆ ಅವರ ಇ-ಎಪಿಕ್ (ಓಟರ್ ಕಾರ್ಡಿನ ಡಿಜಿಟಲ್ ಪ್ರತಿ) ಇಳಿಸಿಕೊಳ್ಳಲು ಓಟಿಪಿ ಬರುವುದು ನಿಮ್ಮ ಫೋನಿಗೆ, ಅವರಿಗಲ್ಲ.

ಅರ್ಜಿಗೆ ಫೋಟೊ, ಹುಟ್ಟಿದ ದಿನಾಂಕದ ದಾಖಲೆ, ವಾಸದ ದಾಖಲೆ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, ಕರೆಂಟ್ ಬಿಲ್ಲು ಸಾಮಾನ್ಯವಾಗಿ ಸಾಕಾಗುತ್ತವೆ. ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವವರಿಗೆ ಮನೆ ಅವರದಲ್ಲ, ಬಾಡಿಗೆ ಕರಾರೂ ಇಲ್ಲ, ಕರೆಂಟ್ ಬಿಲ್ಲು ಮಾಲೀಕರ ಹೆಸರಿನಲ್ಲಿ. ಇಷ್ಟಕ್ಕೇ ಅವರನ್ನು ವಾಪಸ್ ಕಳಿಸಬೇಡಿ. ದಾಖಲೆ ಇಲ್ಲದವರ ವಿಷಯದಲ್ಲಿ ಬಿಎಲ್‌ಒ ಸ್ಥಳಕ್ಕೆ ಹೋಗಿ ಪರಿಶೀಲಿಸಲು ಅವಕಾಶ ಇದೆ, ಸೂರೇ ಇಲ್ಲದವರಿಗೂ ಹಾಗೇ ಮಾಡುತ್ತಾರೆ. ಹಾಗೆಂದು ಕಾಫಿ ಕೊಯ್ಲಿಗೆ ಎರಡು ಮೂರು ತಿಂಗಳು ಬಂದುಹೋಗುವ ಕೂಲಿಯವರ ಹೆಸರನ್ನು ಇಲ್ಲಿಗೆ ಬದಲಾಯಿಸಲು ಹೊರಡಬೇಡಿ. ಅವರ ವಾಸ ಅವರ ಊರಿನಲ್ಲೇ, ಅವರ ಓಟೂ ಅಲ್ಲೇ ಇರಲಿ. ಅಲ್ಲಿ ಹೆಸರು ಇದೆಯೇ ಎಂದು ಓಟರ್ ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆ ಹಾಕಿ ಆಯೋಗದ ಜಾಲತಾಣದಲ್ಲಿ ನೋಡಿ ಹೇಳಿದರೆ ಅವರಿಗೆ ಅದೇ ದೊಡ್ಡ ಸಹಾಯ.

ಬೆಂಗಳೂರಿನಿಂದ ತೇರಿಗೆ ಬರುವ ಹುಡುಗರ ಪ್ರಶ್ನೆಯೂ ಇದೇ. ಊರಿನಲ್ಲಿ ಮನೆ, ತೋಟ ಇದೆ ಎಂಬ ಒಂದೇ ಕಾರಣಕ್ಕೆ ಓಟು ಊರಿನಲ್ಲಿರಬೇಕೆಂದಿಲ್ಲ. ಕಾನೂನು ನೋಡುವುದು ಮಾಮೂಲಾಗಿ ಎಲ್ಲಿ ವಾಸ ಎಂಬುದನ್ನು. ಹಾಸ್ಟೆಲಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ಮಾತ್ರ ಅಪ್ಪ ಅಮ್ಮನ ಮನೆಯೋ ಹಾಸ್ಟೆಲ್ಲೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆ.

ಮತಯಂತ್ರದ ವಿಷಯ. ಯಂತ್ರ ಚುನಾವಣಾಧಿಕಾರಿಗಳ ಸುಪರ್ದಿನಲ್ಲಿರುತ್ತದೆ, ಖಾಸಗಿಯವರು ತರಿಸಿ ಇಟ್ಟುಕೊಳ್ಳುವಂತಿಲ್ಲ. ಪ್ರಾತ್ಯಕ್ಷಿಕೆ ಬೇಕಿದ್ದರೆ ಮೊದಲು ಹೇಳಿದ ಪತ್ರದಲ್ಲೇ ಕೇಳಿ. ಅವರು ತಂದರೆ ಅವರ ಸಿಬ್ಬಂದಿಯೇ ಜೊತೆಗಿರುತ್ತಾರೆ. ಇಲ್ಲದಿದ್ದರೆ ರಟ್ಟಿನಲ್ಲಿ ಮಾದರಿ ಮಾಡಿ: ಹೆಸರು, ಗುರುತು, ನೀಲಿ ಗುಂಡಿ, ಕೆಂಪು ದೀಪ, ಪಕ್ಕದಲ್ಲಿ ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ಯಂತ್ರ) ಕಿಟಕಿ. ಚೀಟಿ ಏಳು ಸೆಕೆಂಡ್ ಕಾಣಿಸುತ್ತದೆ, ಆಮೇಲೆ ಒಳಗೆ ಬೀಳುತ್ತದೆ, ಕೈಗೆ ಕೊಡುವುದಿಲ್ಲ ಎಂಬುದನ್ನು ತೋರಿಸಿ ಹೇಳಿ. ಮಾದರಿಯಲ್ಲಿ ಗುರುತುಗಳ ಬಗ್ಗೆ ಎಚ್ಚರ. ತೆಂಗು, ಸೇಬು, ಹಲಸು ನಿರುಪದ್ರವಿ ಅನ್ನಿಸುತ್ತವೆ, ಆದರೆ ಪಕ್ಷೇತರರಿಗೆ ಕೊಡುವ ಮುಕ್ತ ಚಿಹ್ನೆಗಳಲ್ಲಿ ಇಂಥವೇ ಇರುತ್ತವೆ. ಹೂವು ಎಂದರೆ ಕಮಲ ನೆನಪಾಗುತ್ತದೆ, ಕೈ ಬರೆದರೆ ಇನ್ನೊಂದು. ಅ, ಆ, ಇ, ಈ ಎಂದು ಅಕ್ಷರ ಬರೆದುಬಿಡಿ.

ಬಣ್ಣಕ್ಕೂ ಇದೇ ಮಾತು. ಮೇಜಿನ ಮೇಲೆ ಕೇಸರಿ, ಹಸಿರು, ನೀಲಿ ಬಟ್ಟೆ ಹಾಸಿದರೆ ದೂರದಿಂದಲೇ ಜನ "ಓ, ಅವರ ಕಡೆಯವರು" ಎಂದು ತೀರ್ಮಾನಿಸಿಬಿಡುತ್ತಾರೆ. ಬಿಳಿ ಪಂಚೆ ಬಟ್ಟೆ ಹಾಸಿ. ಸಂಘದ ಸೀರೆ ಯಾವುದಾದರೂ ಪಕ್ಷದ ಬಣ್ಣಕ್ಕೆ ಹತ್ತಿರವಿದ್ದರೆ ಆ ದಿನ ಬೇರೆ ಉಟ್ಟುಕೊಳ್ಳಿ. ನಿಮ್ಮ ಹನ್ನೆರಡು ಜನರಲ್ಲಿ ಯಾರಾದರೂ ಪಕ್ಷದ ಪದಾಧಿಕಾರಿ, ಬೂತ್ ಏಜೆಂಟ್, ಅಥವಾ ಅವರ ಮನೆಯವರು ಚುನಾವಣೆಗೆ ನಿಲ್ಲುವವರಿದ್ದರೆ ಅವರು ಅಡುಗೆ, ಸಾಮಾನು ಸಾಗಾಟ ನೋಡಿಕೊಳ್ಳಲಿ, ಮೇಜಿನ ಹಿಂದೆ ಕೂರುವುದು ಬೇಡ. ಮುಖ ನೋಡಿ ಹೀಗೆ ಹೇಳುವುದು ಕಷ್ಟ, ಗೊತ್ತು. ಆದರೂ ಮೊದಲ ಸಭೆಯಲ್ಲೇ ಹೇಳಿಬಿಡಿ. ಜಾತ್ರೆಗೆ ಬಂದ ಮುಖಂಡರು ಸ್ಟಾಲಿನ ಮುಂದೆ ನಿಂತು ಫೋಟೊ ಕೇಳುತ್ತಾರೆ. "ಯಜಮಾನರೇ, ನಿಮ್ಮ ಹೆಸರೂ ಪಟ್ಟಿಯಲ್ಲಿ ನೋಡಿಬಿಡೋಣ ಬನ್ನಿ, ಫೋಟೊ ಮಾತ್ರ ಬೇಡ" ಎಂದು ನಾನು ಎಲ್ಲ ಪಕ್ಷದವರಿಗೂ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ. "ಯಾರಿಗೆ ಹಾಕಲಿ ಹೇಳು" ಎಂದು ಕೇಳುವ ಅಜ್ಜಂದಿರಿಗೆ "ಅದು ನಿಮಗೆ ಬಿಟ್ಟದ್ದು ತಾತ, ನಮಗೂ ಹೇಳಬೇಡಿ" ಅಂದರೆ ಸಾಕು.

ಫ್ಲೆಕ್ಸ್ ಏಕೆ ಬೇಡ ಎಂದರೆ, ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧ ಇದೆ. ಎಲ್ಲರೂ ಹಾಕುತ್ತಾರಲ್ಲ ಅನ್ನಬೇಡಿ, ನಿಯಮ ಹೇಳಿಕೊಡಲು ಕೂತವರು ನಿಯಮ ಮುರಿಯಬಾರದು. ಆರು ಅಡಿಗೆ ಮೂರು ಅಡಿ ಕಾಡಾ ಬಟ್ಟೆಯ ಮೇಲೆ ಊರಿನ ಪೇಂಟರ್ ಕೈಯಲ್ಲಿ ಬರೆಸಿ. ಮಡಚಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಘೋಷಣೆ ಬರೆಸಬೇಡಿ, ಪ್ರಶ್ನೆ ಬರೆಸಿ: "ನಿಮ್ಮ ಹೆಸರು ಓಟರ್ ಲಿಸ್ಟಿನಲ್ಲಿ ಇದೆಯೇ? ಇಲ್ಲಿ ನೋಡಿ." ಘೋಷಣೆ ಓದಿದವರು ಮುಂದೆ ಹೋಗುತ್ತಾರೆ, ಪ್ರಶ್ನೆ ಓದಿದವರು ಒಂದು ಗಳಿಗೆ ನಿಲ್ಲುತ್ತಾರೆ. ಕೆಳಗೆ ಸಂಘದ ಹೆಸರು, "ಯಾವ ಪಕ್ಷಕ್ಕೂ ಸೇರಿದ್ದಲ್ಲ" ಎಂಬ ಸಾಲು ಇರಲಿ. ಅಚ್ಚು ಹಾಕಿಸುವ ಚೀಟಿಯ ಮೇಲೂ ಸಂಘದ ಮತ್ತು ಪ್ರೆಸ್ಸಿನ ಹೆಸರು ಹಾಕಿಸಿ.

ಜಾಗ ಆರಿಸುವಾಗ ತೇರು ಬರುವ ಬೀದಿಯಿಂದ ಸರಿದು ನಿಲ್ಲಿ. ಅ‌ಲ್ಲಿ ಎಲ್ಲರ ಕಣ್ಣು ತೇರಿನ ಮೇಲೆ, ತಳ್ಳಾಟ ಬೇರೆ. ಪಾನಕ ಮಜ್ಜಿಗೆ ಹಂಚುವ ಅರವಟ್ಟಿಗೆಯ ಪಕ್ಕ, ಅಥವಾ ಬಸ್ಸಿಗೆ ಕಾಯುವ ಕಡೆ ಸಿಕ್ಕರೆ ಅದೇ ಚೆನ್ನ. ನೆರಳಿನಲ್ಲಿ ಕೂತು ದಣಿವಾರಿಸಿಕೊಳ್ಳುವವರಿಗೆ ಮಾತಿಗೆ ಪುರುಸೊತ್ತು ಇರುತ್ತದೆ. ದೇವಸ್ಥಾನದ ಆವರಣದೊಳಗೆ ಬೇಡ. ಜಾಗಕ್ಕೆ ಪುರಸಭೆಯ ಅನುಮತಿ, ಪೊಲೀಸ್ ಠಾಣೆಗೆ ಒಂದು ತಿಳುವಳಿಕೆ ಪತ್ರ. ಮೈಕ್ ಬೇಡವೇ ಬೇಡ.

ಬೇಲೂರಿನಲ್ಲಿ ಆ ದಿನಗಳಲ್ಲಿ ಬೆಳಿಗ್ಗೆ ಬಿಸಿಲು ಸುಡುತ್ತದೆ, ಮಧ್ಯಾಹ್ನದ ಮೇಲೆ ರೇವತಿ, ಅಶ್ವಿನಿ ಮಳೆ ಯಾವಾಗ ಬೇಕಾದರೂ ಗಾಳಿ ಸಮೇತ ಬೀಳುತ್ತದೆ. ಶಾಮಿಯಾನದವರ ಬಟ್ಟೆ ಚಾವಣಿ ಸೋರುತ್ತದೆ. ಹತ್ತಡಿ ಚದರದ ಚಪ್ಪರ ಬಾಡಿಗೆಗೆ ತಂದು ಮೇಲೆ ನಿಮ್ಮದೇ ಟಾರ್ಪಾಲು ಕಟ್ಟಿ, ನಾಲ್ಕು ಕಾಲಿಗೂ ಮರಳು ಚೀಲ ಕಟ್ಟಿ. ಪಟ್ಟಿ, ನಮೂನೆಗಳಿಗೆ ತಗಡಿನ ಟ್ರಂಕು ಇರಲಿ, ಮಳೆ ಬಂದರೆ ಹತ್ತು ಸೆಕೆಂಡಿನಲ್ಲಿ ಮುಚ್ಚಬಹುದು. ಗಾಳಿಗೆ ಕಾಗದ ಹಾರದಂತೆ ಕ್ಲಿಪ್ಪು, ರಟ್ಟಿನ ಪ್ಯಾಡು. ಪೆನ್ನುಗಳನ್ನು ದಾರದಲ್ಲಿ ಮೇಜಿಗೆ ಕಟ್ಟಿ.

ಮೇಜು ಎರಡು ಸಾಕು. ಮುಂದಿನದು ಹೆಸರು ಹುಡುಕಲು. ಪಕ್ಕಕ್ಕೆ ಸರಿಸಿ ಹಾಕಿದ್ದು ಬರೆಯಲು, ಅಲ್ಲಿ ಆರು ಕುರ್ಚಿ. ಗಾಲಿಕುರ್ಚಿ ಬರುವಷ್ಟು ಜಾಗ ಒಂದು ಬದಿಯಲ್ಲಿ ಬಿಡಿ. ಓದುವ ಕನ್ನಡಕ ಒಂದೂವರೆ, ಎರಡು, ಎರಡೂವರೆ ನಂಬರಿನವು ಒಂದೊಂದು ತನ್ನಿ. "ಕಣ್ಣು ಕಾಣಲ್ಲ, ನೀನೇ ನೋಡು" ಎನ್ನುವ ಹಿರಿಯರು ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಮೇಲೆ ತಾವೇ ಬೆರಳಿಟ್ಟಾಗ ಅವರ ಮುಖ ನೋಡಬೇಕು. ಅರ್ಜಿಗೆ ಫೋಟೊ ತೆಗೆಯಲು ಹಿಂಬದಿಗೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿ. ತೆಗೆದ ಫೋಟೊವನ್ನು ಅವರ ಫೋನಿಗೆ ಕಳಿಸಿ ನಿಮ್ಮದರಿಂದ ಅಳಿಸಿಬಿಡಿ. ಕುಡಿಯುವ ನೀರು, ಸ್ಟೀಲ್ ಲೋಟ. ಬಹುಮಾನ, ಲಾಟರಿ, ತಿಂಡಿ ಪೊಟ್ಟಣ ಇಡಬೇಡಿ. ಆಮಿಷದ ವಾಸನೆ ಬಂದರೆ ಮಾಡಿದ್ದೆಲ್ಲ ಕೆಡುತ್ತದೆ.

ಆಧಾರ್ ಕಾರ್ಡಿನ ಜೆರಾಕ್ಸ್ ಒಂದನ್ನೂ ನಿಮ್ಮ ಹತ್ತಿರ ಉಳಿಸಿಕೊಳ್ಳಬೇಡಿ, ವಾಟ್ಸಾಪಿನಲ್ಲಿ ತರಿಸಿಕೊಳ್ಳಲೂ ಬೇಡಿ. ನಿಮ್ಮ ಪುಸ್ತಕದಲ್ಲಿ ಗೆರೆ ಹಾಕಿ ಎಣಿಸುವ ಮೂರೇ ಲೆಕ್ಕ ಇರಲಿ: ಹುಡುಕಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಸಿಗದ್ದು ಎಷ್ಟು. ಹೆಸರು ಸಿಗದವರ ಫೋನ್ ನಂಬರನ್ನು ಮಾತ್ರ, ಅವರು ಒಪ್ಪಿದರೆ, ಬೇರೆ ಪುಟದಲ್ಲಿ ಬರೆದು ಒಬ್ಬರ ಜವಾಬ್ದಾರಿಗೆ ಕೊಡಿ.

ಕಾಲೇಜಿಗೆ ಒಯ್ಯುವಾಗ ಸಾಮಾನು ಇನ್ನೂ ಕಡಿಮೆ, ಕ್ಯಾಲೆಂಡರ್ ಒಂದು ಹೆಚ್ಚು. ಹಿಂದೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ನಾಲ್ಕು ದಿನಾಂಕ ಇವೆ. 2008ರ ಜೂನ್‌ನಲ್ಲಿ ಹುಟ್ಟಿದ ಹುಡುಗಿ 2026ರ ಜುಲೈ 1ಕ್ಕೆ ಅರ್ಹಳು, ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು, ಆದ್ದರಿಂದ ಪಿಯುಸಿ ಮಕ್ಕಳನ್ನು ಬಿಡಬೇಡಿ. ದಿನ ಆರಿಸುವುದಾದರೆ ಜನವರಿ 25 ಒಳ್ಳೆಯದು. ಆಯೋಗ ಹುಟ್ಟಿದ್ದು 1950ರ ಅದೇ ದಿನ, 2011ರಿಂದ ಅದನ್ನು ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸುತ್ತಾರೆ.

ಸಂತೆಯಲ್ಲಿ ಜನಕ್ಕೆ ಪುರುಸೊತ್ತಿಲ್ಲ, ಮಾರಾಟ ಮುಗಿಯುವ ಹೊತ್ತಿಗೆ ಹೋಗಿ. ಒಂದು ಮೇಜು, ಆ ಸುತ್ತಿನ ಊರುಗಳ ಪಟ್ಟಿ, ಚೀಟಿ ಇಷ್ಟೇ ಸಾಕು. ಲಂಬಾಣಿ, ಉರ್ದು, ತಮಿಳು ಮನೆಮಾತಿನವರು ಬರುವ ಕಡೆ ಆ ಮಾತು ಬಲ್ಲ ಒಬ್ಬರು ಜೊತೆಗಿರಲಿ.

ಹಳ್ಳಿಯವರು ಪಂಚಾಯಿತಿ ಚುನಾವಣೆಯ ಬಗ್ಗೆ ಕೇಳೇ ಕೇಳುತ್ತಾರೆ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದಕ್ಕೆ ಪಟ್ಟಿಯನ್ನು ಬೇರೆಯಾಗಿ ತಯಾರಿಸುತ್ತಾರೆ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರು ನೋಡಿಕೊಂಡವರು ಪಂಚಾಯಿತಿ ಪಟ್ಟಿ ಪ್ರಕಟವಾದಾಗ ಮತ್ತೊಮ್ಮೆ ನೋಡಬೇಕು ಎಂದು ಹೇಳಿ. ಯಾವುದೇ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದಿದ್ದರೆ, ಹಿಂದೆ ಅನುಮತಿ ಸಿಕ್ಕಿದ್ದರೂ ಚುನಾವಣಾಧಿಕಾರಿಯನ್ನು ಮತ್ತೆ ಕೇಳದೆ ಸ್ಟಾಲ್ ಹಾಕಬೇಡಿ. ಆ ಹೊತ್ತಿಗೆ ಹೆಸರು ಸೇರಿಸುವ ಅವಧಿಯೂ ಮುಗಿಯುತ್ತಾ ಬಂದಿರುತ್ತದೆ. ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ, ಅರ್ಜಿ ಅದಕ್ಕೂ ಸುಮಾರು ಹತ್ತು ದಿನ ಮುಂಚೆ ಕೊಟ್ಟಿರಬೇಕು. ಚುನಾವಣೆ ಇಲ್ಲದ ವರ್ಷದಲ್ಲಿ ನೀವು ಸ್ಟಾಲ್ ಹಾಕಲು ಹೊರಟದ್ದು ನನಗೆ ಸಂತೋಷವಾದದ್ದು ಇದಕ್ಕೇ.

85 ದಾಟಿದವರು, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಚುನಾವಣೆಯ ಸಮಯದಲ್ಲಿ ನಮೂನೆ 12ಡಿ ಕೊಟ್ಟು ಮನೆಯಿಂದಲೇ ಮತ ಹಾಕಬಹುದು. ಅಂಗವಿಕಲರ ಹೆಸರಿನ ಮುಂದೆ ಆ ವಿವರ ಈಗಲೇ ನಮೂನೆ 8ರಲ್ಲಿ ದಾಖಲಾದರೆ ಆಗ ತೊಂದರೆ ಇರುವುದಿಲ್ಲ. ಸ್ಟಾಲಿಗೆ ಬರಲಾಗದ ಇಂಥವರು ಮನೆಯಲ್ಲಿದ್ದಾರೆಯೇ ಎಂದು ಪ್ರತಿಯೊಬ್ಬರನ್ನೂ ಕೇಳಿ, ಅವರದೂ ಒಂದು ಚೀಟಿ ಬರೆದು ಕಳಿಸಿ.

ಜಾತ್ರೆ ಮುಗಿದ ಹದಿನೈದನೆಯ ದಿನ ಆ ಬೇರೆ ಪುಟ ತೆಗೆಯಿರಿ. ಹೆಸರು ಸಿಗದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ: ಬಿಎಲ್‌ಒ ಮನೆಗೆ ಬಂದಿದ್ದರೇ, ಅರ್ಜಿ ಕೊಟ್ಟರೇ, ಉಲ್ಲೇಖ ಸಂಖ್ಯೆ ಇದೆಯೇ? ಇಲ್ಲ ಅಂದವರ ಹೆಸರು ಹಿಡಿದು ಬಿಎಲ್‌ಒರನ್ನು ಕಾಣಿ, ಅಲ್ಲಿ ಆಗದಿದ್ದರೆ ಚುನಾವಣಾ ಶಾಖೆಗೆ ಅವರನ್ನೇ ಕರೆದುಕೊಂಡು ಹೋಗಿ. ನಾನು ಹೇಳಿದ ಆ ಅಜ್ಜಿಯ ಹೆಸರು ಪಟ್ಟಿಗೆ ವಾಪಸ್ ಬಂದದ್ದು ಮೂರನೆಯ ಸಲ ಹೋದಾಗ. ಎಲ್ಲರದೂ ಮುಗಿದ ಮೇಲೆ ಆ ಪುಟವನ್ನು ಹರಿದುಹಾಕಿ. ಟಾರ್ಪಾಲನ್ನು ಮಾತ್ರ ಚೆನ್ನಾಗಿ ಒಣಗಿಸಿ ಮಡಚಿ, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.